ಹೊಲಿದ ಜೇಬುಗಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ನಾನು ಮುಖ್ಯಸ್ಥೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹನ್ನೆರಡು ಜನರನ್ನೂ ಐದು ಯಂತ್ರಗಳನ್ನೂ ಸಂಭಾಳಿಸುವವಳಿಗೆ ಅದು ಇರಬೇಕು ಕೂಡ. ತಮ್ಮನ ಹೆಂಡತಿ ಅಲ್ಲಿಗೆ ಕೆಲಸಕ್ಕೆ ಸೇರಿದ ದಿನವೇ ತೀರ್ಮಾನಿಸಿದ್ದೆ, ಮನೆಯವಳೆಂದು ತಲೆಯ ಮೇಲೆ ಕೂರಿಸಿಕೊಂಡಿದ್ದಾಳೆ ಅನ್ನುವ ಮಾತು ಯಾರ ಬಾಯಿಂದಲೂ ಬರಬಾರದು ಎಂದು. ಹಾಗಾಗಿ ಎಲ್ಲರಿಗಿಂತ ಮೊದಲು ಬೈಗುಳ ಅವಳಿಗೆ, ಯಾರಿಗೂ ಬೇಡವಾದ ಕೆಲಸವೂ ಅವಳಿಗೇ.

ಸಾಂಕ್ರಾಮಿಕ ಜ್ವರ ಊರನ್ನು ಹಿಡಿದ ಮೇಲೆ ಯಾರಿಗೂ ಬೇಡವಾದ ಕೆಲಸವೆಂದರೆ ಜೇಬಿನ ಮೇಜು. ಜ್ವರದ ವಾರ್ಡಿಗೆ ಸೇರಿದವರು ತೊಟ್ಟು ಬಂದ ಬಟ್ಟೆಗಳು, ಅವರು ಗುಣವಾದ ಮೇಲೋ ತೀರಿಕೊಂಡ ಮೇಲೋ, ಹಳದಿ ಚೀಲಗಳಲ್ಲಿ ನಮ್ಮಲ್ಲಿಗೆ ಬರುತ್ತಿದ್ದವು. ಯಂತ್ರಕ್ಕೆ ಹಾಕುವ ಮೊದಲು ಒಬ್ಬರು ದಪ್ಪ ಕೈಗವಸು ತೊಟ್ಟು ಪ್ರತಿ ಜೇಬನ್ನೂ ತಡಕಿ, ಸಿಕ್ಕಿದ್ದನ್ನು ಶುದ್ಧಮಾಡಿ, ಹೆಸರು ಬರೆದ ಲಕೋಟೆಗೆ ಹಾಕಬೇಕು. ಗುಣವಾದವರದು ಬಿಳಿ ಲಕೋಟೆ. ತೀರಿಕೊಂಡವರದು ನೀಲಿ, ಅದು ಮನೆಯವರಿಗೆ. ನಾದಿನಿಯ ಕೈ ಚುರುಕು. ಅವಳನ್ನು ದಾಟಿ ಒಂದು ಪೆನ್ನೂ ಯಂತ್ರದೊಳಗೆ ಹೋಗಲಿಲ್ಲ. ಏಳು ವಾರ ನಾನು ಅವಳನ್ನು ಆ ಮೇಜಿನಿಂದ ಏಳಿಸಲಿಲ್ಲ.

ಒಂದು ಬೆಳಿಗ್ಗೆ ನನ್ನ ತಮ್ಮ ನಮ್ಮ ವಿಭಾಗದ ಹಿಂಬಾಗಿಲಿಗೆ ಬಂದ. ಬಸ್ಸು ಓಡಿಸುವವನು, ಸಮವಸ್ತ್ರದಲ್ಲೇ ಇದ್ದ. ಬೀಗದಕೈ ಗೊಂಚಲನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಪ್ಯಾಂಟಿನ ಜೇಬು ತೋರಿಸಿದ. ಅದರ ಬಾಯಿ ಹೊಲಿದಿತ್ತು. ಅಂಗಿಯದೂ ಹೊಲಿದಿತ್ತು. ಮಗಳ ಶಾಲೆಯ ಲಂಗದ್ದು, ಮಗನ ಚಡ್ಡಿಯದು, ಮನೆಯಲ್ಲಿ ತೆರೆದ ಜೇಬು ಒಂದೂ ಉಳಿದಿಲ್ಲವಂತೆ. ನನಗೆ ಮೊದಲು ನಗು ಬಂತು. ಅವನು ನಗಲಿಲ್ಲ.

"ಅಕ್ಕ, ಅವಳು ಸರಿಯಾಗಿ ಊಟ ಮಾಡಿ ಎಷ್ಟೋ ದಿನ ಆಯ್ತು. ಕೇಳಿದ್ರೆ ಏನೂ ಇಲ್ಲ ಅಂತಾಳೆ. ನೀನಾದ್ರೂ ಕೇಳು."

ನಾದಿನಿಯನ್ನು ಅಂಗಳದ ಮರದ ಕೆಳಗೆ ಕೂರಿಸಿ ಕೇಳಿದೆ. ಒಂದೇ ಸಮನೆ ಹೇಳಿದಳು. ಯಾರದೋ ಜೇಬಿನಲ್ಲಿ ವಾಪಸು ಹೋಗುವ ಬಸ್ಸಿನ ಟಿಕೆಟು. ಇನ್ಯಾರದೋ ಜೇಬಿನಲ್ಲಿ, ಬರುವಾಗ ಬಲ್ಬು ತನ್ನಿ ಎಂದು ಹೆಂಡತಿ ಬರೆದುಕೊಟ್ಟ ಚೀಟಿ. ಆ ಚೀಟಿಯನ್ನು ನೀಲಿ ಲಕೋಟೆಯಲ್ಲಿಟ್ಟು ಅದೇ ಹೆಂಡತಿಗೆ ಕಳಿಸಿದವಳು ತಾನು ಎಂದಳು.

"ಜೇಬಲ್ಲಿ ಏನೂ ಇಲ್ದಿದ್ರೆ ನಮ್ಮೋರ ಬಟ್ಟೆ ಈ ಮೇಜಿಗೆ ಬರಲ್ಲ ಅನ್ನಿಸ್ತು ಅಕ್ಕ. ಹುಚ್ಚು ಅಂತ ಗೊತ್ತು. ಆದ್ರೂ ಹೊಲಿದೆ."

ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಲು ಹೊರಟಿದ್ದೆ. ಉತ್ತರ ನನಗೇ ಗೊತ್ತಿತ್ತು, ನಾಚಿಕೆಯಾಯಿತು. ಕೆಲಸ ಬಿಟ್ಟುಬಿಡುತ್ತೇನೆ ಎಂದಳು. ಬಿಟ್ಟರೆ ಆ ಮೇಜನ್ನು ಮನಸ್ಸಿನಲ್ಲಿ ಮನೆಗೇ ಹೊತ್ತುಕೊಂಡು ಹೋಗುತ್ತಾಳೆ, ಅದನ್ನು ನಾನು ಆಗಗೊಡುವುದಿಲ್ಲ. ನಾಲ್ಕು ದಿನ ರಜೆ ಹಾಕು, ಬರುವಷ್ಟರಲ್ಲಿ ಇಲ್ಲಿಯ ಪದ್ಧತಿ ಬದಲಾಗಿರುತ್ತದೆ ಎಂದು ಮಾತು ಕೊಟ್ಟೆ.

ನೇರ ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಮೇಜಿನಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಗಂಟೆ, ಎದ್ದವರಿಗೆ ಅರ್ಧ ಗಂಟೆ ಬಿಡುವು, ಆಪ್ತಸಮಾಲೋಚಕಿ ವಾರಕ್ಕೆರಡು ಸಲ ನಮ್ಮಲ್ಲಿಗೇ ಬರಬೇಕು ಎಂದೆ. ಸಮಾಲೋಚಕಿಯ ನಂಬರನ್ನು ನಿಮ್ಮ ಬಾಗಿಲಿಗೇ ಅಂಟಿಸಿದ್ದೇವಲ್ಲ ಎಂದರು ಅವರು. ಅಂಟಿಸಿದ್ದು ನಿಜ. ಸೋಂಕಿನ ಭಯಕ್ಕೆ ನಮ್ಮ ಫೋನುಗಳನ್ನು ಕೆಲಸ ಮುಗಿಯುವ ತನಕ ಕಪಾಟಿನಲ್ಲಿ ಬೀಗ ಹಾಕಿಡಿಸಿದ್ದೂ ಅವರೇ. ನಾನು ಹಾಗೆಂದಾಗ ಕನ್ನಡಕ ಒರೆಸಿಕೊಂಡರು. ಕೆಲಸ ಹಿಂದೆ ಬಿದ್ದರೆ ಯಾರು ಹೊಣೆ ಎಂದು ಕೇಳಿದರು.

"ನಾನು ಸಾರ್. ಎಲ್ಲರೂ ಸರದಿ ಮೇಲೆ ಮೇಜಿಗೆ ಕೂರ್ತೀವಿ, ಅದಕ್ಕೆ ದಿನಾ ಮೂರನೇ ಯಂತ್ರ ಒಂದು ಗಂಟೆ ನಿಲ್ಲುತ್ತೆ. ಬರಕೊಳ್ಳಿ."

ಮರುದಿನ ಮೊದಲ ಗಂಟೆ ನಾನೇ ಕೂತೆ. ಏಳು ಜನರ ಜೇಬು, ಎರಡು ನೀಲಿ ಲಕೋಟೆ. ದಾರ ಕಟ್ಟಿದ ಒಂದು ಪುಟ್ಟ ಬೀಗದಕೈ ಸಿಕ್ಕಿತು, ಮಕ್ಕಳ ಹುಂಡಿಯದಿರಬೇಕು. ಎದ್ದು ಹೋಗಿ, ಮರದ ಕೆಳಗೆ ನಮ್ಮ ವಿಭಾಗದ ಇಸ್ತ್ರಿಯವನ ಮುಂದೆ ಬೀಗದಕೈಯ ಸಂಗತಿ ಹೇಳಿ ಅತ್ತುಬಿಟ್ಟೆ. ಈ ಸಿಡುಕಿಗೂ ಕಣ್ಣೀರು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ಪಾಪ. ಅಂದಿನಿಂದ ಅದೇ ರೂಢಿಯಾಯಿತು: ಮೇಜಿನಿಂದ ಎದ್ದವರು ಮರದ ಕೆಳಗೆ ಯಾರಿಗಾದರೂ ಒಂದನ್ನು ಹೇಳಿಯೇ ಒಳಗೆ ಬರಬೇಕು. ಸಮಾಲೋಚಕಿಯೂ ಅಲ್ಲಿಗೇ ಕುರ್ಚಿ ಹಾಕಿಸಿಕೊಂಡಳು.

ಐದನೆಯ ದಿನ ನಾದಿನಿ ಬಂದಳು. ಅವಳ ಸರದಿ ಬಿಟ್ಟುಬಿಡೋಣವೆಂದೆ. ಬೇಡ, ಒಂದು ಗಂಟೆಯಾದರೆ ತನ್ನಿಂದಾಗುತ್ತದೆ ಎಂದಳು. ಗಂಟೆ ಮುಗಿದಾಗ ಅವಳ ಕೈಯಲ್ಲೊಂದು ಅಂಗಿ ಇತ್ತು. ಅದನ್ನು ಬಿಟ್ಟು ಏಳುತ್ತಾಳೋ ಇಲ್ಲವೋ ಎಂದು ನೋಡುತ್ತಿದ್ದೆ. ಅಂಗಿಯನ್ನು ಮುಂದಿನ ಸರದಿಯ ಇಸ್ತ್ರಿಯವನ ಕೈಗಿತ್ತು ಎದ್ದು ಅಂಗಳಕ್ಕೆ ನಡೆದಳು.

ಅದೇ ಮಧ್ಯಾಹ್ನ ಆಡಳಿತಾಧಿಕಾರಿಯಿಂದ ಮೆಮೊ ಬಂತು. ಯಂತ್ರ ನಿಲ್ಲಿಸಿದ್ದಕ್ಕೆ ಕಾರಣ ಕೊಡಬೇಕಂತೆ. ಜ್ವರ ಶುರುವಾದಾಗಿನಿಂದ ಗೂಟದಲ್ಲೇ ನೇತಾಡುತ್ತಿದ್ದ ನನ್ನ ಹಳೆಯ ಕೋಟನ್ನು ಹಾಕಿಕೊಂಡು, ಮೆಮೊವನ್ನು ಜೇಬಿಗಿಡಲು ಹೋದೆ. ಕೈ ಒಳಗೆ ಹೋಗಲಿಲ್ಲ. ಸಣ್ಣ ಸಣ್ಣ ಹೊಲಿಗೆ, ಎರಡೂ ಕಡೆ.

ಕೋಟು ಬಿಚ್ಚಿ ಅಂಗಳಕ್ಕೆ ಒಯ್ದು ಅವಳ ಮಡಿಲಿಗೆ ಹಾಕಿದೆ. ಇದು ಯಾವಾಗ ಎಂದು ಕೇಳಿದೆ.

"ಎಲ್ಲರಿಗಿಂತ ಮೊದಲು ನಿಮ್ದೇ ಹೊಲಿದಿದ್ದು ಅಕ್ಕ."

"ಬಿಚ್ಚು," ಎಂದೆ. "ಮೆಮೊ ಇಟ್ಕೋಬೇಕು."

ಅವಳು ದಾರದ ಕತ್ತರಿ ತಂದು ಒಂದೊಂದೇ ಹೊಲಿಗೆ ಬಿಚ್ಚಿದಳು. ಅವಸರ ಮಾಡಲಿಲ್ಲ, ನಾನೂ ಬೈಯಲಿಲ್ಲ. ಕೋಟು ತೊಟ್ಟು, ಮೆಮೊವನ್ನು ಜೇಬಿನಲ್ಲಿಟ್ಟು ಆಡಳಿತಾಧಿಕಾರಿಯ ಕೋಣೆಗೆ ಹೊರಟೆ. ನಾಳೆಯೂ ಆ ಯಂತ್ರ ಒಂದು ಗಂಟೆ ನಿಲ್ಲುತ್ತದೆ ಎಂದು ಅವರಿಗೆ ಹೇಳುವುದಿತ್ತು.