ಒಂಬತ್ತು ಸೆಕೆಂಡಿನ ಅನುಮತಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ‘ತಂತ್ರಜ್ಞಾನದ ಹೊಸತನ ಮತ್ತು ಸರ್ಕಾರಿ ನಿಯಂತ್ರಣ: ಒಂದು ಅವಲೋಕನ’ ಎಂದು ಶುರು ಮಾಡಿದರೆ, ನಮ್ಮ ಕಾಲೇಜಿನ ಸೆಮಿನಾರಿನಲ್ಲಿ ಆಗುವಂತೆ ನೀವು ಬಿಸ್ಕತ್ತು ಮುಗಿಸಿ ಎದ್ದು ಹೋಗುತ್ತೀರಿ. ‘ಮದ್ದೂರಿನಲ್ಲಿ ಕಹಕಶಾನ್ ಎಂಬ ಹೆಂಗಸಿದ್ದಳು’ ಎಂದರೆ ಕಹಕಶಾನಳೇ ಸಿಟ್ಟಾಗುತ್ತಾಳೆ. ಇದ್ದಳು ಅಲ್ಲ ಸಾರ್, ಇದ್ದೀನಿ, ಎನ್ನುತ್ತಾಳೆ.

(ಎದುರಿಗೆ ‘ನೀವು’, ಕಥೆಯಲ್ಲಿ ‘ಅವಳು’. ಲೇಖಕರ ಧೈರ್ಯ ಇಷ್ಟೇ.)

೨

ಇದ್ದಾಳೆ. ಮದ್ದೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್ಡಿನ ಮೇಲೆ ಅಪ್ಪ ಜಲಾಲ್ ಅವರ ಹೆಸರು, ಒಳಗೆ ತಾಮ್ರದ ತಂತಿಯ ಸುರುಳಿಗಳ ನಡುವೆ ಇವಳು. ಮೂವತ್ತಾರು ವರ್ಷ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಎಂಬುದು ಕೊಡುವವರಿಗೂ ಗೊತ್ತಿರುವುದಿಲ್ಲವಲ್ಲ, ಅದಕ್ಕೆ ಅವಳೊಂದು ಡಬ್ಬಿ ಮಾಡಿದಳು. ಕರೆಂಟು ಬಂದ ಕೂಡಲೇ ಡಬ್ಬಿ ತಾನೇ ಮೋಟಾರು ಓಡಿಸಿ, ಒಳಗಿರುವ ಸಿಮ್ಮಿನಿಂದ ಜಮೀನಿನವರಿಗೆ ಫೋನ್ ಮಾಡುತ್ತದೆ. ಎತ್ತಿದರೆ ಅವಳದೇ ರೆಕಾರ್ಡಾದ ದನಿ: ‘ಕರೆಂಟ್ ಬಂದದೆ. ಮೋಟ್ರು ಓಡ್ತಾ ಅದೆ. ಊಟ ಆಯ್ತಾ?’ ಒಟ್ಟು ಒಂಬತ್ತು ಸೆಕೆಂಡು.

ಊಟದ ಪ್ರಶ್ನೆ ಏಕೆ ಎಂದು ಕೇಳಿದೆ. ಎರಡು ಸೆಕೆಂಡು ಜಾಗ ಉಳಿದಿತ್ತು ಎಂದಳು.

ಬೆಂಗಳೂರಿನಲ್ಲಿ ಇಂಥದ್ದಕ್ಕೆ ಸ್ಟಾರ್ಟಪ್ ಎನ್ನುತ್ತಾರೆ. ಮದ್ದೂರಿನಲ್ಲಿ ಸ್ಟಾರ್ಟರ್. ಚಿಕ್ಕರಸಿನಕೆರೆಯಿಂದ ಹಲಗೂರಿನವರೆಗೆ ಇನ್ನೂರ ಹನ್ನೆರಡು ಡಬ್ಬಿಗಳು ಕೂತವು. ಆಮೇಲೆ ಯಾರೋ ಹಾಕಿದ ಡಬ್ಬಿಯ ವಿಡಿಯೊ ನೋಡಿದ ಉಗಾಂಡದ ಕಬ್ಬು ಬೆಳೆಗಾರರ ಸಂಘವೊಂದು ಐನೂರು ಬೇಕೆಂದು ಬರೆಯಿತು. ಅಲ್ಲಿ ಮಾರುತ್ತಿದ್ದ ಇನ್ನೊಂದು ದೇಶದ ಡಬ್ಬಿಗಿಂತ ಇವಳದು ಅರ್ಧ ಬೆಲೆ. (ಜಾಗತಿಕ ಸ್ಪರ್ಧೆ ಎಂದರೆ ಏನೋ ಎಂದುಕೊಂಡಿದ್ದೆ. ಎಂಟಡಿ ಅಗಲದ ಅಂಗಡಿ ಸಾಕು ಅದಕ್ಕೆ.)

೩

ಈ ಭಾಗವನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಒಂದು ಸೋಮವಾರ ಬೆಳಿಗ್ಗೆ ಇನ್ನೂರ ಹನ್ನೆರಡು ಸಿಮ್ಮುಗಳೂ ಒಟ್ಟಿಗೆ ಸತ್ತು, ಕಹಕಶಾನ್ ಅಂಗಡಿಯಲ್ಲಿ ಕೂತು ಅಳುತ್ತಿದ್ದಳು. ಓದಿ ಹೇಳಿದಾಗ ಅವಳು ಸ್ಪ್ಯಾನರ್ ಕೆಳಗಿಟ್ಟಳು.

“ನಾನೆಲ್ಲಿ ಅತ್ತೆ ಸಾರ್? ಅದು ವಾರ್ನಿಷ್ ಹೊಗೆ.”

ಸಿಮ್ಮುಗಳು ಸತ್ತದ್ದು ಮಾತ್ರ ನಿಜ.

೪

ಸಿಮ್ ಕಂಪನಿಯ ಮಂಡ್ಯ ಆಫೀಸಿನಲ್ಲಿ ನಿಯಮಗಳನ್ನು ನೋಡಿಕೊಳ್ಳುವವರು ಚಲುವರಾಜು. (ನಿಯಮದೊಳಗೇ ಯಮ ಕೂತಿದ್ದಾನೆ ಎಂದು ಇಲ್ಲೊಂದು ಚಮತ್ಕಾರ ಮಾಡಿದ್ದೆ. ಅವರನ್ನು ನೋಡಿದ ಮೇಲೆ ಹೊಡೆದು ಹಾಕಿದೆ. ಬೈಯಲು ಬಂದವರಿಗೂ ಕುರ್ಚಿ ಎಳೆದು ಕೊಡುವ ಮನುಷ್ಯ.) ಅವರು ಹೇಳಿದ್ದಿಷ್ಟು: ಸಿಮ್ ಕತ್ತರಿಸಿದ್ದು ತಾವಲ್ಲ, ಕಂಪ್ಯೂಟರು. ಮೋಸದ ಕರೆಗಳನ್ನು ತಡೆಯಲು ಹೊಸ ನಿಯಮ ಬಂದಿದೆ. ರೆಕಾರ್ಡಾದ ದನಿಯಲ್ಲಿ ಕರೆ ಮಾಡುವವರು ಮೊದಲೇ ನೋಂದಾಯಿಸಿಕೊಳ್ಳಬೇಕು. ನೋಂದಣಿಯಿಲ್ಲದ ನಂಬರಿನಿಂದ ದಿನಾ ಕರೆ ಹೋಗಿ, ದಿನಾ ಎದುರಿನವರು ಕಟ್ ಮಾಡುತ್ತಿದ್ದರೆ ಕಂಪ್ಯೂಟರು ಅದನ್ನು ಕಳ್ಳನೆಂದು ತಿಳಿದು, ಅದೇ ಹೆಸರಿನಲ್ಲಿರುವ ಸಿಮ್ಮುಗಳನ್ನೆಲ್ಲ ಕತ್ತರಿಸುತ್ತದೆ.

ನಮ್ಮ ಸೀಮೆಯವರ ಕೈವಾಡ ಇರುವುದು ಇಲ್ಲೇ. ನಾಲ್ಕು ವರ್ಷಗಳಲ್ಲಿ ಹೆಚ್ಚುಕಡಿಮೆ ಯಾರೂ ಆ ಫೋನು ಎತ್ತಿರಲಿಲ್ಲ. ಮಿಸ್ ಕಾಲ್ ಕೊಡುತ್ತಿದ್ದ ಕಾಲದ ಅಭ್ಯಾಸ: ಬಡಿದರೆ ಕರೆಂಟ್ ಬಂತು ಎಂದರ್ಥ, ಕಟ್ ಮಾಡಿದರೆ ತಿಳಿಯಿತು ಎಂದರ್ಥ. ದಿನಕ್ಕೆ ಎರಡು ಸಲ ಇನ್ನೂರು ಹೆಬ್ಬೆರಳುಗಳು ಅವಳ ದನಿಯನ್ನು ಬಾಯಿ ತೆರೆಯುವ ಮೊದಲೇ ಮುಚ್ಚಿದ್ದವು. ಏಕಪ್ಪಾ ಎಂದು ಅವಳು ಕೇಳಿದ್ದಕ್ಕೆ ಯಲಿಯೂರಿನ ಯತೀಶನಿಗೆ ಆಶ್ಚರ್ಯವಾಯಿತು.

“ಎತ್ತಿ ಏನ್ ಮಾಡ್ಲಕ್ಕ? ನಿಮ್ ಡಬ್ಬಿ ಮ್ಯಾಲೆ ನಂಗೆ ನಂಬ್ಕೆ ಅದೆ.”

ಆ ನಂಬಿಕೆಯೇ ಸಾಕ್ಷಿಯಾಗಿ ಡಬ್ಬಿ ಕಳ್ಳನಾಯಿತು.

೫ (ಲೇಖಕನ ಸ್ವಂತ ವಿಷಯ. ಆತುರ ಇರುವವರು ಆರಕ್ಕೆ ಹೋಗಬಹುದು)

ನಾನಿರುವುದು ಮಳವಳ್ಳಿಯಲ್ಲಿ, ಒಂದು ರೂಮಿನಲ್ಲಿ. ಮಿಮಿಕ್ರಿ ಬರುತ್ತದೆ. ನಮ್ಮ ಪ್ರಿನ್ಸಿಪಾಲರು, ಹಲಗೂರು ಬಸ್ಸಿನ ಕಂಡಕ್ಟರು, ‘ನೀವು ಕರೆ ಮಾಡಿದ ಚಂದಾದಾರರು’ ಎನ್ನುವ ಆ ಹೆಂಗಸು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಹೊಸ ನಿಯಮ ಜಾರಿಯಾದ ವಾರದಿಂದ ನನ್ನ ಫೋನು ಬಡಿಯುವುದೇ ನಿಂತಿತು. ಅದುವರೆಗೆ ನನಗೆ ಫೋನ್ ಮಾಡುತ್ತಿದ್ದವರೆಲ್ಲ ಯಾರು ಎಂಬುದು ಹಾಗೆ ತಿಳಿಯಿತು.

ಇಷ್ಟೇ. ಕಥೆಗೆ ಹೋಗೋಣ.

೬

ಪುರಾವೆಗೆಂದು ಚಲುವರಾಜು ಕರೆಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಕೊಟ್ಟರು. ಸೊನ್ನೆ ಸೆಕೆಂಡು, ಸೊನ್ನೆ, ಸೊನ್ನೆ, ಹಾಳೆಗಟ್ಟಲೆ ಸೊನ್ನೆ. ನಡುವೆ ಹಲಗೂರಿನ ಕಡೆಯ ಒಂದೇ ಒಂದು ನಂಬರು: ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಮರುದಿನ ಮೂರು ನಿಮಿಷ ನಲವತ್ತು. ಒಂದು ಭಾನುವಾರ ಹನ್ನೊಂದು ನಿಮಿಷ.

ಒಂಬತ್ತು ಸೆಕೆಂಡಿನ ರೆಕಾರ್ಡಿಂಗಿಗೆ ಹನ್ನೊಂದು ನಿಮಿಷ. ಎದುರಿನವರು ಇಡುವವರೆಗೆ ಡಬ್ಬಿ ತಾನಾಗಿ ಫೋನ್ ಇಡುತ್ತಿರಲಿಲ್ಲ. ಅದು ಅವಳು ಪ್ರೋಗ್ರಾಮಿನಲ್ಲಿ ಮರೆತದ್ದು. ಡಬ್ಬಿಯೇ ಕೆಟ್ಟಿರಬೇಕು ಎಂದುಕೊಂಡು ಸ್ಕೂಟರ್ ತೆಗೆದಳು. (ಹಿಂದಿನ ಸೀಟಿನಲ್ಲಿ ನಾನಿದ್ದೆ ಎಂದು ಬರೆದಿದ್ದೆ. ಅವಳು ಒಪ್ಪಲಿಲ್ಲ. ಬಸ್ಸಿನಲ್ಲಿ ಹೋದೆ.)

ಡಬ್ಬಿ ಇದ್ದದ್ದು ಮಂಗಳಮ್ಮನವರ ಹಿಪ್ಪುನೇರಳೆ ತೋಟದಲ್ಲಿ. ಐವತ್ತೆರಡು ವರ್ಷ, ಮದುವೆಯಾಗಿಲ್ಲ. ಭಾಗಕ್ಕಾಗಿ ಅಣ್ಣತಮ್ಮಂದಿರ ಮೇಲೆ ಕೇಸು ಹಾಕಿ ಗೆದ್ದವರು. ಗೆದ್ದ ದಿನದಿಂದ ಬೀದಿಯಲ್ಲಿ ಯಾರೂ ಅವರೊಡನೆ ಮಾತಾಡುವುದಿಲ್ಲ. ಹೋದ ವರ್ಷ, ಬಿಲ್ಲು ಕಟ್ಟಿಲ್ಲ, ಈಗಲೇ ಕರೆಂಟ್ ಕೀಳುತ್ತೇವೆ ಎಂದ ಯಾರದೋ ಫೋನು ನಂಬಿ ರೇಷ್ಮೆಗೂಡು ಮಾರಿದ ಹಣವನ್ನೆಲ್ಲ ಕಳೆದುಕೊಂಡು ಪೊಲೀಸರಿಗೆ ದೂರು ಕೊಟ್ಟಿದ್ದರು. ಹೊಸ ನಿಯಮ ಬಂದದ್ದು ಇಂಥವರಿಗಾಗಿಯೇ. (ಓದುಗರೇ, ನಿಮಗೆ ಖಳನಾಯಕ ಬೇಕಿದ್ದರೆ ಮನೆಯಿಂದಲೇ ತನ್ನಿ.)

ಅದು ರೆಕಾರ್ಡಿಂಗ್ ಎಂದು ನಿಮಗೆ ಗೊತ್ತಿರಲಿಲ್ಲವೇ ಎಂದು ಕಹಕಶಾನ್ ಮೆಲ್ಲಗೆ ಕೇಳಿದಳು. ಮಂಗಳಮ್ಮ ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿಲ್ದೆ ಏನವ್ವ. ಮೊದ್ಲ ದಿನಾನೇ ಗೊತ್ತಾಯ್ತು ಟೇಪು ಅಂತ. ಉಂಡೆ ಅಂದ್ರೂ ಸುಮ್ಕಿರ್ತದೆ, ಉಂಡಿಲ್ಲ ಅಂದ್ರೂ ಸುಮ್ಕಿರ್ತದೆ. ಅಷ್ಟ್ ಸುಮ್ಕೆ ಕೇಳೋರು ನಮ್ ಬೀದೀಲಿ ಯಾರವ್ರೆ?”

ಕತ್ತರಿಸಿದ ಸೊಪ್ಪನ್ನು ಬುಟ್ಟಿಗೆ ತುಂಬುತ್ತಾ ಅವರೇ ಮತ್ತೆ ಮಾತು ತೆಗೆದರು.

“ಈಗ್ಯಾಕವ್ವ ಫೋನ್ ಬತ್ತಾ ಇಲ್ಲ? ನಾನೇನಾರ ತಪ್ ಮಾತಾಡ್ಬುಟ್ನಾ?”

ಕಹಕಶಾನ್ ಸಿಮ್ಮು, ನೋಂದಣಿ, ಕಂಪ್ಯೂಟರು ಎಲ್ಲವನ್ನೂ ವಿವರಿಸಿದಳು. ಮಂಗಳಮ್ಮ ತಲೆಯಾಡಿಸಿದರು. ಅರ್ಥವಾದವರ ಹಾಗೆ ಅಲ್ಲ, ಬೇರೆ ಯಾರದೋ ಮನೆಯ ವಿಷಯ ಕೇಳಿಸಿಕೊಂಡವರ ಹಾಗೆ.

೭

ಮತ್ತೆ ಮಂಡ್ಯ. ಚಲುವರಾಜು ದಾರಿ ಹುಡುಕಿಟ್ಟಿದ್ದರು. ರೆಕಾರ್ಡಿನ ಮೊದಲ ಎರಡು ಮಾತು ಮಾಹಿತಿ. ಅಷ್ಟೇ ಆದರೆ ಇವತ್ತೇ ಕಳಿಸಬಹುದು, ವಾರದಲ್ಲಿ ಸಿಮ್ಮುಗಳು ಜೀವ ಪಡೆಯುತ್ತವೆ, ಕೈಗೆ ಸರ್ಟಿಫಿಕೇಟು ಬರುತ್ತದೆ. ಮೂರನೆಯ ಮಾತು ಮಾಹಿತಿಯಲ್ಲ. ಕಂಪನಿಯೊಂದು ಗಿರಾಕಿಯ ಊಟ ವಿಚಾರಿಸಿದರೆ ಅದು ಪುಸಲಾಯಿಸುವ ಮಾರಾಟದ ಮಾತೋ ಏನೋ ಎಂದು ಬೆಂಗಳೂರಿನ ಸಮಿತಿ ನೋಡಬೇಕು. ಎಷ್ಟು ದಿನವೆಂದು ಅವರಿಗೂ ತಿಳಿಯದು.

ಉಗಾಂಡದವರು ಬರೆದಿದ್ದರು: ನಿಮ್ಮ ದೇಶವೇ ಬಾಯಿ ಕಟ್ಟಿರುವ ಯಂತ್ರವನ್ನು ನಾವು ಹೇಗೆ ಕೊಳ್ಳುವುದು, ಈ ತಿಂಗಳ ಮೂವತ್ತರೊಳಗೆ ಸರ್ಟಿಫಿಕೇಟು ತೋರಿಸಿ. ಆ ಇನ್ನೊಂದು ಕಂಪನಿಗೆ ಅದರ ಸರ್ಕಾರ ಮೂರೇ ವಾರದಲ್ಲಿ ಕಾಗದ ಕೊಟ್ಟಿತ್ತಂತೆ. ಆರ್ಡರು ಹೋದರೆ ಡಬ್ಬಿಯೂ ಹೋದಂತೆ. ಆಮೇಲೆ ಬರೀ ವೈಂಡಿಂಗು.

“ಒಂದ್ ಮಾತ್ ಬುಟ್ಬುಡಿ ಮೇಡಂ,” ಎಂದರು ಚಲುವರಾಜು. “ಕರೆಂಟ್ ಬಂತು, ಮೋಟ್ರು ಓಡ್ತು. ಇನ್ನೇನ್ ಬೇಕು ರೈತಂಗೆ?”

ಇನ್ನೂರ ಹನ್ನೊಂದು ಜನರ ಮಟ್ಟಿಗೆ ಅವರ ಮಾತು ಸರಿ. ಯಾರೂ ಕೇಳಿಯೇ ಇಲ್ಲದ ಮಾತನ್ನು ತೆಗೆದರೆ ಯಾರಿಗೆ ತಿಳಿಯಬೇಕು?

೮ ಅಂತ್ಯಗಳು (ಬೇಕಾದ್ದನ್ನು ಆರಿಸಿಕೊಳ್ಳಿ)

ಅ) ಅವಳು ಆ ಮಾತನ್ನು ಬಿಟ್ಟಳು. ಐನೂರು ಡಬ್ಬಿಗಳು ಹಡಗು ಹತ್ತಿದವು. ಹಲಗೂರಿನಲ್ಲಿ ಫೋನ್ ಬಡಿಯಿತು. ಕರೆಂಟ್ ಬಂದದೆ, ಮೋಟ್ರು ಓಡ್ತಾ ಅದೆ. ಮಂಗಳಮ್ಮ ಕಾದರು. (ಇದನ್ನು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ.)

ಆ) ಅವಳು ಆ ಮಾತನ್ನು ಬಿಡಲಿಲ್ಲ. ಫೈಲು ಬೆಂಗಳೂರಿಗೆ ಹೋಯಿತು. ಮೂವತ್ತು ಬಂತು, ಹೋಯಿತು. ಆ ಇನ್ನೊಂದು ಡಬ್ಬಿ ಮದ್ದೂರಿಗೂ ಬಂತು. ಅದು ಮಾತಾಡುವುದಿಲ್ಲ. ಬೀಪ್ ಎನ್ನುತ್ತದೆ. (ಬೇಕಿದ್ದರೆ ಮಾಡಿ ತೋರಿಸುತ್ತೇನೆ.)

ಇ) ನನಗೆ ಇಷ್ಟವಾದದ್ದು: ಮಾತು ಬಿಟ್ಟು ಸರ್ಟಿಫಿಕೇಟು ಪಡೆದು, ದಿನಾ ತನ್ನ ಸ್ವಂತ ಫೋನಿನಿಂದ ಮಂಗಳಮ್ಮನವರಿಗೆ ಕರೆ ಮಾಡಿ ಊಟ ಆಯಿತೇ ಎಂದು ಕೇಳುತ್ತಾಳೆ. ಎಷ್ಟು ಅಚ್ಚುಕಟ್ಟು ನೋಡಿ. ಚಲುವರಾಜುವಿಗೂ ಸಂತೋಷ, ಉಗಾಂಡಕ್ಕೂ ಸಂತೋಷ.

ಕಹಕಶಾನ್ ಇದನ್ನು ಎರಡು ಸಲ ಓದಿದಳು.

“ಸುಳ್ಳು ಸಾರ್ ಇದು. ಎರಡು ದಿನ ಮಾಡ್ತೀನಿ. ಮೂರನೇ ದಿನ ಮೋಟ್ರು ಬಿಚ್ಚಿಟ್ಕೊಂಡು ಕೂತಿರ್ತೀನಿ, ನಾಳೆ ಮಾಡಾನ ಅಂತೀನಿ. ಟೇಪಿಗೆ ಬೇಜಾರಾಗಲ್ಲ, ನಂಗಾಗ್ತದೆ.”

ಹಾಗಾದರೆ ನಾನು ಮಾಡಲೇ ಎಂದೆ. ನಿಮ್ಮ ದನಿ ನನಗೆ ಬರುತ್ತದೆ ಎಂದು ಅವಳ ದನಿಯಲ್ಲೇ ಹೇಳಿಯೂ ತೋರಿಸಿದೆ. ಅವಳು ನಗಲಿಲ್ಲ. ನಿಮಗೆ ಯಾರೂ ಫೋನ್ ಮಾಡಲ್ವಾ ಸಾರ್ ಎಂದಳು.

ಈ ಅಂತ್ಯವನ್ನೂ ಹರಿದೆ.

೯

ಮಂಡ್ಯ ಆಫೀಸು, ಮಧ್ಯಾಹ್ನ ಒಂದೂವರೆ. ಎಲ್ಲ ಸರಿಯಾಗಿ ತುಂಬಿಸಿಡಿ ಎಂದು ಹೇಳಿ ಚಲುವರಾಜು ಹೊರಗೆ ಹೋದರು. ಮೇಜಿನ ಮೇಲೆ ಅರ್ಜಿ. ಕೊನೆಯ ಕಲಮು: ಕರೆಯ ಉದ್ದೇಶ. ಎರಡು ಚೌಕಗಳು. ಒಂದರ ಮುಂದೆ ಮಾಹಿತಿ, ಇನ್ನೊಂದರ ಮುಂದೆ ಮಾರಾಟ.

ಅವಳು ನನ್ನ ಕಡೆ ತಿರುಗಿ, ನೀವು ಹೊರಡಿ ಸಾರ್, ನೀವಿದ್ದರೆ ಏನಾದರೂ ಮುಗಿಯಲೇಬೇಕು ಅನ್ನಿಸುತ್ತದೆ ಎಂದಳು. ನ್ಯಾಯವಾದ ಮಾತು. ಬಾಗಿಲಿನ ತನಕ ಹೋಗಿ ತಿರುಗಿ ನೋಡಿದೆ (ಲೇಖಕರ ಜಾತಿಯೇ ಅಂಥದ್ದು).

ಚಲುವರಾಜುವಿನ ಮೇಜಿನಿಂದ ಸ್ಕೇಲು ತೆಗೆದುಕೊಂಡು ಅವಳು ಎರಡು ಚೌಕಗಳ ಕೆಳಗೆ ಮೂರನೆಯದನ್ನು ಬರೆಯುತ್ತಿದ್ದಳು. ಅಳತೆ ಇಟ್ಟು, ಅವೆರಡರಷ್ಟೇ ದೊಡ್ಡದಾಗಿ, ನಾಲ್ಕು ಮೂಲೆಯೂ ಕೂಡುವಂತೆ. ಕಂಪ್ಯೂಟರು ಅದನ್ನು ಓದುವುದಿಲ್ಲ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಚೌಕ ಮುಗಿಸಿ, ಅದರ ಮುಂದೆ ಸಣ್ಣ ಅಕ್ಷರದಲ್ಲಿ ಏನನ್ನೋ ಬರೆಯತೊಡಗಿದಳು.

ಬಾಗಿಲಿನಿಂದ ಓದಲಾಗಲಿಲ್ಲ. ನಾಲ್ಕು ಹೆಜ್ಜೆ ಒಳಗೆ ಹೋಗಿದ್ದರೆ ಕಾಣುತ್ತಿತ್ತು. ಹೋಗಲಿಲ್ಲ.