ಪಳಗಿಸಲು ಕೊಟ್ಟ ಕೋಟು

ನಮ್ಮ ಧಣಿ ಸರ್ ರೋಲಂಡ್ ಹೊಸ ಕೋಟನ್ನು ಎಂದೂ ಮೊದಲು ತಾವು ತೊಟ್ಟವರಲ್ಲ. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಈ ಕಡೆ ಹಳೆಯ ಮನೆತನದವರು ಯಾರೂ ತೊಡುವುದಿಲ್ಲ. ಹೊಸ ಬಟ್ಟೆ ಹೊಸದಾಗಿಯೇ ಕಂಡರೆ ನಿನ್ನೆ ಮೊನ್ನೆ ದುಡ್ಡು ಕಂಡವರು ಎಂದು ಆಡಿಕೊಳ್ಳುತ್ತಾರಂತೆ! ಹಾಗಾಗಿ ಲಂಡನ್ನಿನ ದರ್ಜಿ ಹೊಲಿದು ಕಳಿಸಿದ ಕೋಟು ಮೊದಲು ನನ್ನ ಗಂಡ ಎನಕ್‌ನ ಮೈಮೇಲೆ ಒಂದು ಚಳಿಗಾಲ ಕಳೆಯಬೇಕು. ಮಳೆ, ಕೆಸರು, ಮುಳ್ಳುಬೇಲಿ ಎಲ್ಲ ಅವನ ಪಾಲಿಗೆ. ಬಟ್ಟೆ ಪಳಗಿದ ಮೇಲೆ ಧಣಿಗಳು ತೊಟ್ಟು, "ಇದಾ? ಯಾವ ಕಾಲದ್ದೋ" ಎನ್ನುತ್ತಾರೆ. ಇಬ್ಬರ ಮೈಕಟ್ಟೂ ಒಂದೇ. ಎನಕ್‌ಗೆ ಕೆಲಸ ಸಿಕ್ಕಿದ್ದೇ ಅದಕ್ಕೆ ಎಂದು ನನ್ನ ಗುಮಾನಿ. ಹೊರಗಿನವರ ಮುಂದೆ ಮಾತ್ರ ಇದರ ಸೊಲ್ಲೆತ್ತುವಂತಿಲ್ಲ.

ಚಳಿಗಾಲ ಮುಗಿಯುತ್ತಾ ಬಂದ ಒಂದು ಶನಿವಾರ ಬೇಟೆಗೆ ಬಂದ ನೆಂಟರು ಊಟಕ್ಕೆ ಕೂತಿದ್ದರು. ಊರಿಗೆ ಹೊಸದಾಗಿ ಬಂದಿದ್ದ ಪೊಲೀಸ್ ಪೇದೆ ಎನಕ್‌ನ ರಟ್ಟೆ ಹಿಡಿದು ಊಟದ ಕೋಣೆಯ ಬಾಗಿಲಿಗೆ ಎಳೆದು ತಂದ. ನಾನು ಒರೆಸುತ್ತಿದ್ದ ಬೂಟು ಬಿಟ್ಟು ಓಡಿದೆ.

"ಸಾಹೇಬ್ರೆ, ಈ ಕೋಟು ನಿಮ್ದೇನಾ ನೋಡಿ. ಒಳಜೇಬಲ್ಲಿ ನಿಮ್ಮ ಹೆಸರು ಹೊಲ್ದಿದೆ. ಇವ್ನು ಇದನ್ನ ಹಾಕ್ಕೊಂಡು ಹಂದಿದೊಡ್ಡಿ ತೊಳೀತಿದ್ದ."

"ಕದ್ದ ಕೋಟಲ್ಲಿ ಯಾರಾದ್ರೂ ಹಂದಿದೊಡ್ಡಿ ತೊಳೀತಾರೇನ್ರೀ?" ಎಂದೆ.

"ನೀನ್ಯಾರಮ್ಮ?"

"ಇವನ ಹೆಂಡ್ತಿ, ಡಾರ್ಕಸ್."

"ಹಂಗಾದ್ರೆ ಬಾಯಿ ಮುಚ್ಕೊಂಡಿರು."

ಧಣಿಗಳು ಎದ್ದು ಬಂದರು. ಅವರ ಹಿಂದೆಯೇ ಲಂಡನ್ನಿನ ವೆನಿಂಗ್ ಸಾಹೇಬರೂ ಬಂದರು. ಅವರು ಇಂಥದೇ ಕೋಟು ತೊಟ್ಟು ಬಂದಿದ್ದರು. "ಅಂಗಡಿ ಕಿಟಕಿಯಿಂದ ಹಂಗೇ ಇಳಿದು ಬಂದ್ಯೇನಯ್ಯಾ?" ಎಂದು ಬೆಳಿಗ್ಗೆಯಷ್ಟೇ ಧಣಿಗಳು ಅವರನ್ನು ಎಲ್ಲರೆದುರು ಗೇಲಿ ಮಾಡಿದ್ದರು.

"ರೋಲಂಡ್, ಇದು ನಮ್ಮ ದರ್ಜಿಯ ಕೆಲ್ಸಾನೇ!" ಎಂದರು ವೆನಿಂಗ್. "ಮಖಮಲ್ ಕಾಲರು, ತೋಳಿನ ತುದೀಲಿ ನಾಲ್ಕು ಸಾಲು ಹೊಲಿಗೆ. ಈ ವರ್ಷ ಲಂಡನ್ನಲ್ಲಿ ಎಲ್ಲಿ ನೋಡಿದ್ರೂ ಇದೇ. ನಿನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೇ ನಾನಲ್ವಾ?"

ಧಣಿಗಳು ಕೋಟನ್ನು ನೋಡಿದರು, ನೆಲ ನೋಡಿದರು. ಎನಕ್ ಕಡೆ ಮಾತ್ರ ನೋಡಲಿಲ್ಲ.

ಅವರು ಒಂದು ಮಾತು ಆಡದಿದ್ದರೆ ಎನಕ್‌ಗೆ ಜೈಲು. ನಾವಿರುವ ಮನೆಯೂ ಧಣಿಗಳದ್ದೇ, ಅದೂ ಹೋದಂತೆಯೇ. ಆಡಿದರೆ ಅವರಿಗೆ ಒಂದು ಮಧ್ಯಾಹ್ನದ ನಗೆಪಾಟಲು, ಅಷ್ಟೆ. ಆ ಮನುಷ್ಯ ಅದನ್ನೂ ತೂಗಿ ನೋಡುತ್ತಿದ್ದ!

"ಹೇಳೋ ಎನಕ್," ಎಂದೆ.

ಅವನು ಇಲ್ಲವೆಂದು ತಲೆಯಾಡಿಸಿದ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದನಲ್ಲ, ನನ್ನ ಪೆದ್ದ.

"ನಡಿಯೋ," ಎಂದು ಪೇದೆ ಅವನನ್ನು ತಿರುಗಿಸಿದ.

ನನಗೆ ತಡೆಯಲಾಗಲಿಲ್ಲ. "ಧಣಿಗಳೇ, ನೀವ್ ಹೇಳ್ತೀರೋ, ನಾನೇ ಹೇಳ್ಲೋ?"

ಸರ್ ರೋಲಂಡರ ಕಿವಿ ಕೆಂಪಾಯಿತು. "ಬಿಡಪ್ಪಾ ಅವನ್ನ. ಕೋಟು ಅವನದೇ. ನಾನೇ ಕೊಟ್ಟೆ."

"ಹೊಚ್ಚ ಹೊಸಾ ಕೋಟನ್ನ? ಆಳಿಗೆ?" ಎಂದರು ವೆನಿಂಗ್.

"ನಂಗೆ ಹೊಸದು ಆಗಿಬರಲ್ಲ, ಗೊತ್ತಲ್ಲ."

ಎಲ್ಲರೂ ನಕ್ಕರು. ಪೇದೆ ಟೋಪಿ ಮುಟ್ಟಿ ಹೊರಟುಹೋದ. ಧಣಿಗಳು ಎಷ್ಟು ಉದಾರಿಗಳು ಎಂದು ಮೇಜಿನ ಸುತ್ತ ಮಾತಾಯಿತು. ನಾನು ಎನಕ್‌ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದೆ.

ಸೋಮವಾರ ನೆಂಟರು ಹೋದ ಮೇಲೆ ಧಣಿಗಳು ಬೂಟು, ಕೋಟು ಇಡುವ ಕೋಣೆಗೆ ಬಂದು ಕೈ ಚಾಚಿದರು.

"ಚೆನ್ನಾಗಿ ಪಳಗಿದೆ ಎನಕ್. ಇನ್ನು ಕೊಡು."

ಎನಕ್ ಎಂದಿನಂತೆ ಗುಂಡಿಗಳಿಗೆ ಕೈಹಾಕಿದ. ಈ ಕೋಟಿನ ಗುಂಡಿಗಳು ಪಟ್ಟಿಯ ಮರೆಯಲ್ಲಿರುತ್ತವೆ, ತಡಕಬೇಕು. ಅವನು ಬಿಚ್ಚಿದ್ದನ್ನೆಲ್ಲ ನಾನು ಅವನೆದುರು ನಿಂತು ಮತ್ತೆ ಹಾಕಿದೆ.

"ಆ ಪೇದೆ ದಿನಾ ಇದೇ ದಾರೀಲಿ ಓಡಾಡ್ತಾರೆ, ಧಣಿಗಳೇ," ಎಂದೆ. "ನಿಮ್ಮ ಮೈಮೇಲೆ ಇದನ್ನ ನೋಡಿದ್ರೆ, ಈ ಸಲ ಕದ್ದೋರು ಯಾರು ಅಂತಾರೆ?"

ಧಣಿಗಳು ಚಾಚಿದ ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಅವರು ಮೊಳೆಯ ಮೇಲಿದ್ದ ತಮ್ಮ ಹಳೆಯ ಹರಕು ಕೋಟನ್ನೇ ತೊಟ್ಟು ಮಳೆಗೆ ನಡೆದರು.

ಎನಕ್ ಬಕೆಟ್ಟು ಎತ್ತಿಕೊಂಡು ದೊಡ್ಡಿಯ ಕಡೆ ಹೊರಟ.

"ಎಲ್ಲಿಗೋ?" ಎಂದು ಕೂಗಿದೆ. "ಕೋಟು ಬಿಚ್ಚಿಟ್ಟು ಹೋಗು. ಅದೀಗ ನಿಂದು."