ಬೀಗರು ಕೂತಾಗ ಎದ್ದ ಹರಳು

೧೯೮೯ರ ಮಾತು. ಬಳ್ಳಾರಿಯಲ್ಲಿ ಅದಿರಿನ ಲಾರಿಯೊಂದು ಹೋದರೂ ಸಾಕು, ಕಾಲೇಜಿನೊಳಗೆ ಸಂಶೋಧಕ ಕೊಟ್ಟೂರಪ್ಪನ ಯಂತ್ರದ ಸೂಜಿ ನಡುಗುತ್ತಿತ್ತು. ತುದಿಯಲ್ಲಿ ಒಂದೆರಡು ಪರಮಾಣುಗಳಷ್ಟೇ ಉಳಿಯುವಂತೆ ಕತ್ತರಿಸಿದ ಬೆಳ್ಳಿಯ ತಂತಿ ಅದು. ಚಿನ್ನದ ತಗಡನ್ನು ಮುಟ್ಟಿಯೂ ಮುಟ್ಟದಂತೆ ಮೇಲೆ ಹರಿದಾಡಿ, ಕಣ್ಣಿಗೆ ಕಾಣದ ಉಬ್ಬುತಗ್ಗುಗಳನ್ನು ಪರದೆಯ ಮೇಲೆ ಬಿಡಿಸುತ್ತಿತ್ತು. ಆ ತಗಡಿನ ಮೇಲೆ ಬೆಳ್ಳಿಯ ಒಂದೇ ಒಂದು ಅತಿಸೂಕ್ಷ್ಮ ಹರಳನ್ನು, ಸೂಜಿಗೆ ವಿದ್ಯುತ್ತಿನ ಹೊಡೆತ ಕೊಟ್ಟು, ಸೋಮವಾರದೊಳಗೆ ಎಬ್ಬಿಸಿ ತೋರಿಸದಿದ್ದರೆ, ನಾಲ್ಕು ವರ್ಷದ ಪಿಎಚ್.ಡಿ. ರದ್ದು.

ಹೀಗಾಗಿ ಆತ ಯಂತ್ರ ಹೊತ್ತು ಲಾರಿಗಳ ಕಾಟವಿಲ್ಲದ ಕುರುಗೋಡಿಗೆ, ಹಾಸುಬಂಡೆಯ ಮೇಲೆ ಕಟ್ಟಿದ ಅತ್ತೆಯ ಮನೆಗೆ ಬಂದ. ಭತ್ತದ ಹೊಟ್ಟಿನ ಮೂಟೆಗಳ ಮೇಲೆ ಅದನ್ನಿಟ್ಟು ಅತ್ತೆ ವೀರಭದ್ರಮ್ಮನಿಗೆ ಕೈಮುಗಿದ. ಒಂದು ತಾಸು ನಡೆಯಬಾರದು, ರೊಟ್ಟಿ ತಟ್ಟಬಾರದು.

"ಉಸಿರರ ಆಡ್ಲೋ ಬ್ಯಾಡೋ, ಅಳಿಯಂದ್ರ?"

"ಮೆಲ್ಲಕ ಆಡ್ರಿ, ಅತ್ತಿ."

ಅಷ್ಟರಲ್ಲಿ ಸಿರುಗುಪ್ಪದಿಂದ ಬೀಗರು ಬಂದರು. ವೀರಭದ್ರಮ್ಮನ ಹಿರಿಮಗಳ ಮಾವ ದೊಡ್ಡಬಸಪ್ಪ, ಅಕ್ಕಿ ಗಿರಣಿಯವರು, ನೂರು ಕಿಲೋ ದಾಟಿದ ಆಳು. ಎದ್ದು ನೀರು ಕೊಡದಿದ್ದರೆ ಮನೆಯ ಮಾನ ಹೋಗುತ್ತದೆ, ಎದ್ದರೆ ಅಳಿಯನ ಪದವಿ ಹೋಗುತ್ತದೆ. ಆಕೆ ಕೂತಲ್ಲೇ ಕಣ್ಣು ಪಿಳುಕಿಸಿದಳು.

"ಯಾಕ್ರೀ ಬೀಗತಿ, ಮೈಯಾಗ ನೆಟ್ಟಗಿಲ್ಲೇನು?" ಎಂದವರೇ ದೊಡ್ಡಬಸಪ್ಪ, "ಶಿವಾ!" ಎಂದು ಯಂತ್ರದ ಪಕ್ಕದಲ್ಲೇ ಧೊಪ್ಪನೆ ಕೂತರು.

ಸೂಜಿ ತಗಡಿಗೆ ತಗುಲಿತು. ಕೊಟ್ಟೂರಪ್ಪ ಮತ್ತೆ ಚಿತ್ರ ತೆಗೆದ. ಬಟಾಬಯಲಾಗಿದ್ದ ಚಿನ್ನದ ಮೇಲೆ, ಸೂಜಿಯ ತುದಿಯಿಂದ ಕಳಚಿದ ಬೆಳ್ಳಿಯ ಪುಟ್ಟ ಹರಳು ಎದ್ದು ನಿಂತಿತ್ತು!

ಸೋಮವಾರ ಅಲ್ಲಿಗೇ ಬಂದ ಗೈಡು ಗಾಳೆಪ್ಪನವರು ಚಿತ್ರ ನೋಡಿ, "ಭೇಷ್! ಎಷ್ಟು ವೋಲ್ಟ್ ಕೊಟ್ಟ್ಯೋ?" ಎಂದರು.

ಏನಾದರೊಂದು ಅಂಕಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಾಳೆ ಇನ್ಯಾರೋ ಪಾಪ, ಅಷ್ಟೇ ವೋಲ್ಟ್ ಕೊಟ್ಟು ಹರಳು ಬಾರದೆ ತಲೆ ಚಚ್ಚಿಕೊಂಡರೆ?

"ವೋಲ್ಟ್ ಅಲ್ಲ ಸಾರ್... ನಮ್ಮ ಬೀಗರು ಕೂತ್ರು."

ಗಾಳೆಪ್ಪನವರು ಕನ್ನಡಕ ತೆಗೆದರು. "ಹಂಗಾರ ಇನ್ನೊಮ್ಮಿ ಕುಂದ್ರಸು."

"ನಾನೇನು ತೂಕದ ಕಲ್ಲೇನ್ಲೇ?" ಎಂದು ಸಿಡಿದರು, ಇನ್ನೂ ಅಲ್ಲೇ ತಂಗಿದ್ದ ದೊಡ್ಡಬಸಪ್ಪ. ಅವರನ್ನು ವೀರಭದ್ರಮ್ಮ ಹೋಳಿಗೆ ಬಡಿಸಿ ಒಪ್ಪಿಸಿದಳು. ಕೂತರು, ಹರಳೆದ್ದಿತು. ಮತ್ತೆ ಕೂತರು, ಮತ್ತೊಂದು. ಗಾಳೆಪ್ಪನವರು ತಾವೇ ಕೂತು ನೋಡಿದರು. ಬರೀ ಗೀರು.

"ಸಣಕಲ ಮಂದಿಗಿ ಬರೂದಲ್ರೀ ಇದು," ಎಂದರು ದೊಡ್ಡಬಸಪ್ಪ, ಮೀಸೆ ತೀಡುತ್ತ.

ಕೊಟ್ಟೂರಪ್ಪ ಅಂದೇ ಪ್ರಬಂಧದಲ್ಲಿ ಬೀಗರ ತೂಕ, ಬಿದ್ದ ಎತ್ತರ ಎಲ್ಲವನ್ನೂ ಬರೆದ. ಗಾಳೆಪ್ಪನವರು ಓದಿ, ಸಹಿಗೆ ಪೆನ್ನೆತ್ತಿ ತಡೆದರು.

"ತೂಕ ಹೋಳಿಗಿಗಿಂತ ಮೊದ್ಲಿಂದೋ, ಆಮ್ಯಾಲಿಂದೋ?"

"ಎರಡೂ ಬರದೀನಿ ಸಾರ್."

ಸಹಿ ಬಿತ್ತು.